ಜಸ್ಟಿನ್ ಜೆಫರ್ಸನ್ ಬಗ್ಗೆ ನಾನು ಬರ್ಕೊಂಡಿದ್ದ ಆ ಒಂದು ಸಾಲು

ಅಮೆರಿಕನ್ ಫುಟ್‌ಬಾಲ್ ಆಟಗಾರರ ಬಗ್ಗೆ ಬರ್ಕೊಳ್ಳೋ ನನ್ನ 2020ರ ನೋಟ್‌ಬುಕ್ ಮೊನ್ನೆ ಮತ್ತೆ ಕೈಗೆ ಸಿಕ್ತು. ಅದ್ರಲ್ಲಿ ಒಂದು ಪುಟದ ನಡುಮಧ್ಯ ನೀಲಿ ಪೆನ್ನಲ್ಲಿ ಹೀಗಿದೆ: "ಜೆಫರ್ಸನ್, ಎಲ್‌ಎಸ್‌ಯು. ಕೈ ಚೆನ್ನಾಗಿದೆ. ಸ್ಲಾಟ್ ಮಾತ್ರ. ಹೊರಗಡೆ ಆಗಲ್ಲ." ಆ "ಆಗಲ್ಲ" ಕೆಳಗೆ ಎರಡು ಗೆರೆ ಬೇರೆ ಎಳ್ದಿದೀನಿ. ಎಲ್‌ಎಸ್‌ಯು ಅಂದ್ರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಜೆಫರ್ಸನ್ ಅಲ್ಲಿ ರಿಸೀವರ್, ಅಂದ್ರೆ ಓಡಿ ಹೋಗಿ ಎಸೆದ ಚೆಂಡು ಹಿಡಿಯೋನು. ಆ ವರ್ಷದ ಡ್ರಾಫ್ಟ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ಅವನನ್ನ 22ನೇ ಪಿಕ್‌ನಲ್ಲಿ, ಅಂದ್ರೆ 22ನೇ ಆಯ್ಕೆಯಾಗಿ, ತಗೊಂಡ್ರು, ಮೊದಲ ಸೀಸನ್‌ನಲ್ಲೇ 88 ಕ್ಯಾಚ್, 1,400 ಯಾರ್ಡ್, ಆಮೇಲೆ 2022ರಲ್ಲಿ 1,809 ಯಾರ್ಡ್ ಮಾಡಿ ಆ ವರ್ಷದ ಅತ್ಯುತ್ತಮ ಅಫೆನ್ಸ್ (ಚೆಂಡು ಕೈಲಿರೋ ಕಡೆಯ) ಆಟಗಾರ ಅನ್ನಿಸ್ಕೊಂಡ. ಅದ್ರಲ್ಲಿ ಬಹುಪಾಲು ನಾನು "ಆಗಲ್ಲ" ಅಂತ ಗೆರೆ ಎಳೆದಿದ್ದ ಜಾಗದಲ್ಲಿ ನಿಂತೇ ಮಾಡಿದ್ದು.

ಈ ಆಟ ನೋಡದೇ ಇರೋರಿಗೆ ಒಂದೆರಡು ಮಾತು ಹೇಳ್ಬಿಡ್ತೀನಿ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ 32 ಟೀಮ್, ಪ್ರತಿ ವರ್ಷ ಏಪ್ರಿಲ್ ಕೊನೇಲಿ ಮೂರು ದಿನ ಡ್ರಾಫ್ಟ್ ನಡೆಯತ್ತೆ, ಒಟ್ಟು ಏಳು ಸುತ್ತು. ಇದು ಹರಾಜಲ್ಲ, ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ ಹೋಗಲ್ಲ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೀನಾಯವಾಗಿ ಸೋತ ಟೀಮ್‌ಗೆ ಮೊದಲ ಆಯ್ಕೆ, ಸೂಪರ್ ಬೌಲ್ ಅನ್ನೋ ಫೈನಲ್ ಗೆದ್ದವರಿಗೆ ಸುತ್ತಿನ ಕೊನೇದು, ನಡುವೆ ಪಿಕ್‌ಗಳನ್ನ ಅದಲುಬದಲು ಮಾಡ್ಕೋಬಹುದು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗಿರ್ಬೇಕು, ಹಾಗಾಗಿ ಬರೋ ಹುಡುಗರೆಲ್ಲಾ ಹೆಚ್ಚುಕಮ್ಮಿ ಕಾಲೇಜ್ ಫುಟ್‌ಬಾಲ್‌ನಿಂದ ಬರ್ತಾರೆ. ಆ ಹುಡುಗರಲ್ಲಿ ಯಾರು ನಿಲ್ತಾರೆ, ಯಾರು ಎರಡೇ ವರ್ಷಕ್ಕೆ ಕಾಣೆಯಾಗ್ತಾರೆ ಅಂತ ಮೊದಲೇ ಹೇಳಕ್ಕೆ ಪ್ರಯತ್ನ ಪಡೋದೇ ಸ್ಕೌಟಿಂಗ್. ನಾನು ಯಾವ ಟೀಮ್‌ಗೂ ಕೆಲಸ ಮಾಡಲ್ಲ. ಶನಿವಾರದ ಕಾಲೇಜ್ ಮ್ಯಾಚ್‌ಗಳನ್ನ ನೋಡಿ, ವಾರಪೂರ್ತಿ ಅದೇ ಮ್ಯಾಚ್‌ಗಳನ್ನ ಹಿಂದೆ ಮುಂದೆ ಮಾಡಿ, ನೋಟ್‌ಬುಕ್‌ನಲ್ಲಿ ಗ್ರೇಡ್ ಹಾಕಿ, ಮೂರು ವರ್ಷ ಆದ್ಮೇಲೆ ಆ ಗ್ರೇಡ್ ತೆಗೆದು ಸರಿ ತಪ್ಪು ನೋಡ್ಕೋತೀನಿ. ಈ ಕೊನೆಯ ಕೆಲಸ ಮಾಡ್ದೇ ಇದ್ರೆ ಮೊದಲಿನ ಕೆಲಸಕ್ಕೆ ಬೆಲೆನೇ ಇಲ್ಲ ಅಂತ ನಂಗೆ ಗಟ್ಟಿಯಾಗಿ ಅನ್ಸುತ್ತೆ.

ಜೆಫರ್ಸನ್ ವಿಷಯದಲ್ಲಿ ಎಲ್ಲಿ ಎಡವಿದ್ದು ಅಂತ ಹೇಳ್ತೀನಿ. 2019ರ ಎಲ್‌ಎಸ್‌ಯು ಟೀಮ್ ಅಂದ್ರೆ 15 ಮ್ಯಾಚ್, 15 ಗೆಲುವು, ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಜೋ ಬರೋದು 60 ಟಚ್‌ಡೌನ್ ಪಾಸ್ (ಟಚ್‌ಡೌನ್ ಅಂದ್ರೆ ಎದುರಾಳಿಯ ತುದಿಗೆ ಚೆಂಡು ಮುಟ್ಟಿಸೋದು), ಹೊರಗಡೆ ಇನ್ನೊಬ್ಬ ರಿಸೀವರ್ ಜಮಾರ್ ಚೇಸ್ ನಿಂತ್ರೆ ಯಾರಿಗೂ ಹಿಡಿಯಕ್ಕಾಗ್ತಿರ್ಲಿಲ್ಲ. ಅಂಥಾ ಟೀಮ್‌ನಲ್ಲಿ ಜೆಫರ್ಸನ್‌ನ್ನ ಸ್ಲಾಟ್‌ನಲ್ಲಿ ನಿಲ್ಲಿಸಿದ್ರು, ಅಂದ್ರೆ ಹೊರಗಿನ ರಿಸೀವರ್‌ಗೂ ಮಧ್ಯದಲ್ಲಿ ಸಾಲಾಗಿ ನಿಲ್ಲೋ ಲೈನ್‌ಗೂ ನಡುವಿನ ಜಾಗ. ಅಲ್ಲಿ ನಿಂತವನಿಗೆ ಎಡಕ್ಕೂ ಓಡಬಹುದು, ಬಲಕ್ಕೂ ಓಡಬಹುದು, ಎದುರಾಳಿ ಮೈಮೇಲೆ ಬಿದ್ದು ತಡೆಯೋದು ಕಷ್ಟ. ಹೊರಗಡೆ ಹಾಗಲ್ಲ, ಒಂದು ಕಡೆ ಸೈಡ್‌ಲೈನ್, ಎದುರಿಗೆ ಕಾರ್ನರ್‌ಬ್ಯಾಕ್ (ರಿಸೀವರ್‌ನ್ನ ಕಾಯೋ ಎದುರಾಳಿ) ಎದೆಗೆ ಎದೆ ಕೊಟ್ಟು ನಿಂತಿರ್ತಾನೆ, ಸ್ನ್ಯಾಪ್ ಆಗ್ತಿದ್ದ ಹಾಗೆ, ಅಂದ್ರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗ್ತಿದ್ದ ಹಾಗೆ, ಎರಡೂ ಕೈ ಹಾಕಿ ತಳ್ಳಕ್ಕೆ ರೆಡಿ. ಜೆಫರ್ಸನ್ ಆ ವರ್ಷ 111 ಕ್ಯಾಚ್ ಹಿಡಿದ, ಆದ್ರೆ ಹಾಗೆ ತಳ್ಳಿಸ್ಕೊಂಡು ಹಿಡಿದದ್ದು ನಂಗೆ ಕಾಣ್ಲಿಲ್ಲ. ಕಾಣ್ಲಿಲ್ಲ ಅನ್ನೋದನ್ನ ನಾನು ಆಗಲ್ಲ ಅಂತ ಬರ್ಕೊಂಡೆ. ಇಷ್ಟೇ ಆಗಿದ್ದು, ಆದ್ರೆ ಈ ಎರಡು ಪದದ ನಡುವೆ ಇರೋ ದೂರ ತುಂಬಾ ದೊಡ್ಡದು.

2018ರ ಟೇಪ್, ಅಂದ್ರೆ ಮ್ಯಾಚ್‌ಗಳ ವಿಡಿಯೋ, ನೋಡಿದ್ರೆ ಉತ್ತರ ಅಲ್ಲೇ ಇತ್ತು. ಆ ವರ್ಷ ಅವನು ಬಹುಪಾಲು ಹೊರಗಡೆನೇ ಆಡ್ತಿದ್ದ, 875 ಯಾರ್ಡ್ ಮಾಡಿ ಟೀಮ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ. ಆದ್ರೆ 2018ರ ಎಲ್‌ಎಸ್‌ಯು ಅಫೆನ್ಸ್ ನೋಡಕ್ಕೆ ಅಷ್ಟು ಮಜಾ ಇರ್ಲಿಲ್ಲ, ಇದೇ ಬರೋ ಆ ವರ್ಷ ಬರೀ 16 ಟಚ್‌ಡೌನ್ ಎಸೆದಿದ್ದ, ಹಾಗಾಗಿ ನಾನು ಹಿಂದಕ್ಕೆ ಹೋಗಿ ನೋಡ್ಲೇ ಇಲ್ಲ. ಕಣ್ಣಿಗೆ ಹಬ್ಬದ ಥರ ಇದ್ದ 2019ನ್ನ ನಾಲ್ಕು ಸಲ ನೋಡ್ದೆ, ಕೆಲಸಕ್ಕೆ ಬರೋ 2018ನ್ನ ಬಿಟ್ಬಿಟ್ಟೆ. ನಾನೊಬ್ನೇ ಅಲ್ಲ ಬಿಡಿ, ಆ ಡ್ರಾಫ್ಟ್‌ನಲ್ಲಿ ಅವನಿಗಿಂತ ಮುಂಚೆ ನಾಲ್ಕು ರಿಸೀವರ್‌ಗಳು ಹೋದ್ರು, ಹಿಂದಿನ ಪಿಕ್‌ನಲ್ಲೇ ಫಿಲಡೆಲ್ಫಿಯಾ ಈಗಲ್ಸ್ ಜೇಲನ್ ರೇಗರ್‌ನ್ನ ತಗೊಂಡ್ರು. ಆದ್ರೂ ಇಂಥಾ ತಪ್ಪು ಹಂಚ್ಕೊಂಡ್ರೆ ಕಮ್ಮಿ ಆಗಲ್ಲ.

ಅದಾದ್ಮೇಲೆ ನೋಟ್‌ಬುಕ್‌ನಲ್ಲಿ ಒಂದು ಬದಲಾವಣೆ ಮಾಡ್ದೆ. ಮೊದಲು ಎರಡೇ ಕಾಲಂ ಇದ್ದದ್ದು, "ಮಾಡ್ದ" ಮತ್ತೆ "ಮಾಡಕ್ಕಾಗ್ಲಿಲ್ಲ". ಈಗ ಮೂರನೇದೊಂದು ಸೇರಿಸಿದೀನಿ, "ಕೇಳಿಲ್ಲ". ಅಂದ್ರೆ ಆ ಕೆಲಸ ಮಾಡು ಅಂತ ಅವನ ಕೋಚ್ ಅವನಿಗೆ ಹೇಳೇ ಇಲ್ಲ, ಹಾಗಾಗಿ ಬರುತ್ತೋ ಇಲ್ವೋ ಇನ್ನೂ ತೀರ್ಮಾನ ಆಗಿಲ್ಲ. ನನ್ನ ಪ್ರಕಾರ ಕಾಲೇಜ್ ಆಟಗಾರರನ್ನ ಅಳೆಯೋದ್ರಲ್ಲಿ ಅತಿ ಮುಖ್ಯವಾದ ಕಾಲಂ ಇದೇ, ಅತಿ ಕಷ್ಟದ್ದೂ ಇದೇ.

ಜಾರ್ಜ್ ಕಿಟಲ್ ನೆನಪಾಗ್ತಾನೆ. ಅಯೋವಾ ಯೂನಿವರ್ಸಿಟಿ ಟೀಮ್ ಅಂದ್ರೆ ಚೆಂಡನ್ನ ಕೈಲಿ ಕೊಟ್ಟು ಓಡಿಸೋದೇ ಜೀವಾಳ, ಕಿಟಲ್ ಥರದ ಟೈಟ್ ಎಂಡ್ ಅಂದ್ರೆ ಅಲ್ಲಿ ಮೊದಲು ಬ್ಲಾಕ್ ಮಾಡೋನು (ಎದುರಾಳಿನ ತಡೆದು ನಿಲ್ಲಿಸೋನು), ಆಮೇಲೆ ಟೈಮ್ ಇದ್ರೆ ಕ್ಯಾಚ್. ಇಡೀ ಕಾಲೇಜ್ ಜೀವನದಲ್ಲಿ ಅವನು ಹಿಡಿದಿದ್ದು ಬರೀ 48 ಕ್ಯಾಚ್. 2017ರಲ್ಲಿ ಐದನೇ ಸುತ್ತು, 146ನೇ ಪಿಕ್, ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್. ಮಾರನೇ ವರ್ಷನೇ 1,377 ಯಾರ್ಡ್, ಆಗ ಅದು ಟೈಟ್ ಎಂಡ್‌ಗಳಲ್ಲಿ ದಾಖಲೆ. ಆ 48ನ್ನ ನೋಡಿದವರು ಇವನಿಗೆ ಕ್ಯಾಚ್ ಬರಲ್ಲ ಅಂದ್ಕೊಂಡ್ರು. ಓಟ ನೋಡಿದ್ರೆ, ಆ ಮೈಕಟ್ಟಿಗೆ 40 ಯಾರ್ಡ್‌ನ್ನ 4.52 ಸೆಕೆಂಡಿನಲ್ಲಿ ಮುಗಿಸಿದ್ದ, ಚೆಂಡು ಕೈಗೆ ಬಂದಾಗಲೆಲ್ಲ ಎದುರಿಗೆ ಬಂದವರನ್ನ ಗುದ್ದಿಕೊಂಡೇ ಮುಂದೆ ಹೋಗ್ತಿದ್ದ. ಕೊರತೆ ಇದ್ದದ್ದು ಅವನಲ್ಲಲ್ಲ, ಅವನ ಕಡೆಗೆ ಬಂದ ಚೆಂಡುಗಳಲ್ಲಿ.

ಟೇಪ್ ಟೇಪ್ ಅಂತೀನಲ್ಲ, ಅದ್ರ ಬಗ್ಗೆನೂ ಸ್ವಲ್ಪ ಹೇಳ್ಬೇಕು. ಟೀಮ್‌ಗಳ ಹತ್ರ ಆಲ್-22 ಅಂತ ಇರತ್ತೆ, ಎತ್ತರದಿಂದ ತೆಗೆದ ವಿಡಿಯೋ, 22 ಜನನೂ ಒಂದೇ ಫ್ರೇಮ್‌ನಲ್ಲಿ. ನಮ್ಮಂಥವರಿಗೆ ಕಾಲೇಜ್ ಮ್ಯಾಚ್‌ಗಳದ್ದು ಸಾಮಾನ್ಯವಾಗಿ ಸಿಗೋದು ಟೀವಿ ಪ್ರಸಾರ ಅಷ್ಟೇ, ಅದ್ರಲ್ಲಿ ಕ್ಯಾಮೆರಾ ಚೆಂಡಿನ ಬೆನ್ನು ಬಿಡಲ್ಲ, ಸ್ನ್ಯಾಪ್ ಆದ ಎರಡು ಸೆಕೆಂಡಿಗೆ ರಿಸೀವರು, ಹಿಂದೆ ನಿಂತು ಕಾಯೋ ಸೇಫ್ಟಿ ಎಲ್ಲ ಫ್ರೇಮ್ ಬಿಟ್ಟು ಆಚೆ. ಒಬ್ಬ ಕಾರ್ನರ್‌ಬ್ಯಾಕ್ ಇಡೀ ಮ್ಯಾಚ್ ತನ್ನ ಆಳನ್ನ ಕಟ್ಟಿಹಾಕಿದ್ರೆ ಅವನ ಕಡೆ ಚೆಂಡೇ ಬರಲ್ಲ, ಅವನು ಟೀವೀಲಿ ಕಾಣೋದೇ ಇಲ್ಲ, ಹಾಗಾಗಿ ಹೊರಗಿಂದ ನೋಡೋರಿಗೆ ಕಾರ್ನರ್‌ಬ್ಯಾಕ್‌ಗಳನ್ನ ಅಳೆಯೋದು ತುಂಬಾ ಕಷ್ಟ, ನಾನು ಅವರಿಗೆ ಹಾಕೋ ಗ್ರೇಡ್‌ನ ನಾನೇ ಪೂರ್ತಿ ನಂಬಲ್ಲ. ಕ್ವಾರ್ಟರ್‌ಬ್ಯಾಕ್‌ನ ಕಾಪಾಡೋ ಅಫೆನ್ಸಿವ್ ಲೈನ್ ಮಾತ್ರ ಯಾವಾಗ್ಲೂ ಫ್ರೇಮ್‌ನಲ್ಲೇ ಇರತ್ತೆ. ನಂಗೆ ಆ ಐದು ಜನ ದಪ್ಪ ಹುಡುಗರ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ.

ಈ ವರ್ಷ ನೋಡ್ತಿರೋ ಒಬ್ಬ ಲೆಫ್ಟ್ ಟ್ಯಾಕಲ್ (ಆ ಲೈನ್‌ನ ಎಡತುದಿಯವನು) ಇದಾನೆ, ಹೆಸರು ಈಗ ಬೇಡ, ದೊಡ್ಡ ಕಾಲೇಜೂ ಅಲ್ಲ. ಮೂರನೇ ಡೌನ್, ಅಂದ್ರೆ ನಾಲ್ಕು ಯತ್ನದಲ್ಲಿ ಮೂರನೇದು, ಎಂಟು ಯಾರ್ಡ್ ಬೇಕು, ಎಲ್ಲರಿಗೂ ಗೊತ್ತು ಪಾಸೇ ಬರೋದು ಅಂತ. ಎದುರಿಗಿರೋ ಎಡ್ಜ್ ರಶರ್ (ಅಂಚಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋನು) ಓಟದವರ ಥರ ಬಗ್ಗಿ ನಿಂತಿದಾನೆ. ಸ್ನ್ಯಾಪ್. ನಮ್ಮ ಹುಡುಗ ಬಲಗಾಲು ಊರಿ ಎಡಗಾಲನ್ನ ಹಿಂದಕ್ಕೆ ಜಾರಿಸ್ತಾನೆ, ಒಂದು, ಎರಡು, ರಶರ್ ಹೊರಗಿಂದ ಸುತ್ತಿ ಬರೋ ಥರ ಮೂರು ಹೆಜ್ಜೆ ಇಟ್ಟು ಗಿರಕ್ಕನೆ ಒಳಕ್ಕೆ ತಿರುಗ್ತಾನೆ. ಹುಡುಗ ಆಗಲೇ ಎರಡೂ ಕೈ ಚಾಚ್ಬಿಟ್ಟಿದ್ದ, ಕೈ ಗಾಳಿಗೆ ಹೋಯ್ತು, ಮೈಯೆಲ್ಲ ಮುಂದಕ್ಕೆ ವಾಲ್ತು, ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಇಲ್ಲಿಗೆ ನಿಲ್ಲಿಸಿದ್ರೆ ಗ್ರೇಡ್ ಸುಲಭ. ಆದ್ರೆ ಎರಡನೇ ಕ್ವಾರ್ಟರ್‌ನಲ್ಲಿ ಅದೇ ರಶರ್ ಅದೇ ಗಿರಕಿ ಹಾಕ್ದಾಗ ಹುಡುಗ ಕೈ ಚಾಚೋದನ್ನ ಅರೆಕ್ಷಣ ತಡೆದ, ಸೋತ, ಆದ್ರೆ ಬೀಳ್ಲಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರನೇ ಸಲ ಬಂದಾಗ ಎಡಗೈ ಮಾತ್ರ ಮುಂದೆ, ಬಲಗೈ ಪಕ್ಕೆ ಹತ್ರ ಮಡಚಿಟ್ಕೊಂಡು, ಸೊಂಟ ಕೆಳಗಿಳಿಸಿ ಕಾದ, ರಶರ್ ತಿರುಗಿದ ತಕ್ಷಣ ಆ ಮಡಚಿದ ಕೈ ಹೋಗಿ ಪಕ್ಕೆಲುಬಿಗೆ ಕೂತ್ಕೊಳ್ತು, ಅಲ್ಲಿಗೆ ಆಟ ಮುಗೀತು. ಆ ಮೂರು ಪ್ಲೇನ ನಾನು ಅದೆಷ್ಟು ಸಲ ನೋಡಿದೀನೋ. ಒಂದೇ ಮ್ಯಾಚ್ ಒಳಗೆ, ಸೋಲ್ತಾ ಇರೋ ಟೀಮ್‌ನಲ್ಲಿ, ಯಾರೂ ನೋಡ್ದೇ ಇರೋವಾಗ ಆ ಹುಡುಗ ಪಾಠ ಕಲಿತ. ಸ್ಕೋರ್‌ಬೋರ್ಡ್‌ನಲ್ಲಿ ಇದು ಎಲ್ಲೂ ಬರಲ್ಲ.

ಸ್ಕೋರ್ ಅಂದ್ಮೇಲೆ ನೆನಪಾಯ್ತು, 2019ರಲ್ಲಿ ಓಹಾಯೋ ಸ್ಟೇಟ್ ನಾರ್ತ್‌ವೆಸ್ಟರ್ನ್‌ನ 52-3ರಲ್ಲಿ ಬಡಿದು ಹಾಕ್ತು. ಸೋತ ಟೀಮ್‌ನ ಲೆಫ್ಟ್ ಟ್ಯಾಕಲ್ ರಶಾನ್ ಸ್ಲೇಟರ್, ಎದುರಿಗೆ ಆ ಕಾಲದ ಅತಿ ಭಯಂಕರ ಎಡ್ಜ್ ರಶರ್ ಚೇಸ್ ಯಂಗ್. 49 ಪಾಯಿಂಟ್‌ನಿಂದ ಸೋತ ಆ ಮ್ಯಾಚೇ ಸ್ಲೇಟರ್‌ನ ಭವಿಷ್ಯ ಬರೆದಿದ್ದು ಅಂದ್ರೂ ತಪ್ಪಿಲ್ಲ, ಯಂಗ್ ಎದುರು ಅವನು ನಿಂತ ರೀತಿ ಅಷ್ಟು ಚೆನ್ನಾಗಿತ್ತು, 2020ರಲ್ಲಿ ಕೋವಿಡ್ ಕಾರಣಕ್ಕೆ ಆಡ್ಲೇ ಇಲ್ಲ, ಆದ್ರೂ 2021ರಲ್ಲಿ ಚಾರ್ಜರ್ಸ್ 13ನೇ ಪಿಕ್‌ನಲ್ಲಿ ತಗೊಂಡ್ರು, ಮೊದಲ ವರ್ಷನೇ ಪ್ರೊ ಬೌಲ್, ಅಂದ್ರೆ ಆ ಸೀಸನ್‌ನ ಅತ್ಯುತ್ತಮರ ಪಟ್ಟಿಗೆ ಆಯ್ಕೆ. ಅವನ ಕೈ ಉದ್ದ 33 ಇಂಚು, ಟ್ಯಾಕಲ್‌ಗೆ 34 ಆದ್ರೂ ಬೇಕು ಅಂತ ಒಂದು ನಂಬಿಕೆ ಇದೆ, ಅದಕ್ಕೇ ಎಷ್ಟೋ ಜನ ಇವನು ಟ್ಯಾಕಲ್‌ನ ಒಳಪಕ್ಕದಲ್ಲಿ ನಿಲ್ಲೋ ಗಾರ್ಡ್ ಆಡ್ಬೇಕು ಅಂತಿದ್ರು.

ಈ ಇಂಚು, ಸೆಕೆಂಡುಗಳ ಜಾತ್ರೆ ನಡೆಯೋದು ಫೆಬ್ರವರಿ ಕೊನೇಲಿ, ಇಂಡಿಯಾನಾಪೊಲಿಸ್‌ನಲ್ಲಿ, ಕಂಬೈನ್ ಅಂತಾರೆ. ಅಳೆದು ತೂಗಿ ಅಂತೀವಲ್ಲ, ಅಲ್ಲಿ ನಿಜವಾಗ್ಲೂ ಅಳೀತಾರೆ, ನಿಜವಾಗ್ಲೂ ತೂಗ್ತಾರೆ, ಅಂಗೈ ಅಗಲ ಕೂಡ ಬಿಡಲ್ಲ. 40 ಯಾರ್ಡ್ ಓಟ, 225 ಪೌಂಡ್ ಬೆಂಚ್ ಪ್ರೆಸ್, ನಿಂತಲ್ಲಿಂದ ಮೇಲಕ್ಕೆ ಜಿಗಿತ, ಮುಂದಕ್ಕೆ ಜಿಗಿತ, ಮೂರು ಕೋನ್ ಸುತ್ತ ತಿರುಗಿ ಓಡೋದು. ಟೀವೀಲಿ ಓಟ ತೋರಿಸ್ತಾರೆ, ಆದ್ರೆ ಟೀಮ್‌ಗಳಿಗೆ ಅಲ್ಲಿ ನಿಜಕ್ಕೂ ಬೇಕಾಗಿರೋದು ಡಾಕ್ಟರ್‌ಗಳ ತಪಾಸಣೆ ಮತ್ತೆ ಹುಡುಗರ ಜೊತೆ ಕೂತು ಮಾತಾಡೋದು. ಒಂದೇ ಮಂಡಿಯನ್ನ ಎಷ್ಟೋ ಟೀಮ್‌ಗಳ ಡಾಕ್ಟರ್‌ಗಳು ಒಬ್ಬರಾದ್ಮೇಲೆ ಒಬ್ಬರು ಹಿಡಿದು ತಿರುಗಿಸಿ ನೋಡ್ತಾರೆ, ಡ್ರಾಫ್ಟ್ ದಿನ ಒಬ್ಬ ಒಳ್ಳೆ ಹುಡುಗ ಕಾರಣ ಇಲ್ದೇ ಕೆಳಗೆ ಜಾರ್ತಿದಾನೆ ಅಂತ ನಮಗೆ ಅನ್ಸಿದಾಗ ಎಷ್ಟೋ ಸಲ ಕಾರಣ ಆ ರೂಮ್‌ನಲ್ಲಿ ಇರತ್ತೆ, ಹೊರಗಿನವರಿಗೆ ಅದು ಸಿಗಲ್ಲ.

ಓಟದ ಸಂಖ್ಯೆಗಳು ಸುಳ್ಳಲ್ಲ, ಅವನ್ನ ಬಿಸಾಕಿ ಅಂತ ನಾನು ಹೇಳ್ತಿಲ್ಲ. ಅವು ಅರ್ಧ ಮಾತ್ರ ಹೇಳ್ತವೆ. 2017ರಲ್ಲಿ ರಿಸೀವರ್ ಜಾನ್ ರಾಸ್ 40 ಯಾರ್ಡ್‌ನ್ನ 4.22 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡ್ದ, ಸಿನ್ಸಿನಾಟಿ 9ನೇ ಪಿಕ್ ಕೊಟ್ಟು ತಗೊಂಡ್ರು, ಗಾಯದ ಮೇಲೆ ಗಾಯ, ಮೊದಲ ವರ್ಷ ಒಂದೇ ಒಂದು ಕ್ಯಾಚ್ ಇಲ್ಲ. ಆ ದಾಖಲೆನ 2024ರಲ್ಲಿ ಝೇವಿಯರ್ ವರ್ದಿ 4.21 ಓಡಿ ಮುರಿದ. ಇನ್ನೊಂದು ತುದೀಲಿ ಒರ್ಲಾಂಡೋ ಬ್ರೌನ್ ಜೂನಿಯರ್, 2018ರ ಕಂಬೈನ್‌ನಲ್ಲಿ 5.85 ಸೆಕೆಂಡ್, ಬೆಂಚ್ ಪ್ರೆಸ್ ಬರೀ 14 ಸಲ. ಓಕ್ಲಹೋಮಾದಲ್ಲಿ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ನ್ನ ಕಾಪಾಡ್ಕೊಂಡು ಬಂದ ಲೆಫ್ಟ್ ಟ್ಯಾಕಲ್ ಆ ಒಂದು ವಾರದ ದೆಸೆಯಿಂದ ಮೂರನೇ ಸುತ್ತಿಗೆ, 83ನೇ ಪಿಕ್‌ಗೆ ಬಂದು ಬಿದ್ದ. ಆದ್ರೆ ಟೇಪ್‌ನಲ್ಲಿ ಒಂದು ವಿಷಯ ಸ್ಪಷ್ಟ ಇತ್ತು, ಆರಡಿ ಎಂಟಿಂಚಿನ ಆ ದೇಹವನ್ನ ಸುತ್ತಿ ಹೋಗಕ್ಕೆ ಎದುರಾಳಿಗೆ ಹಿಡಿಯೋ ಸಮಯವೇ ಅವನಿಗೆ ಸಾಕಾಗ್ತಿತ್ತು. ನಾಲ್ಕು ಸಲ ಪ್ರೊ ಬೌಲ್, ಕ್ಯಾನ್ಸಸ್ ಸಿಟಿ ಜೊತೆ ಒಂದು ಸೂಪರ್ ಬೌಲ್. 40 ಯಾರ್ಡ್ ನೇರ ಓಡು ಅಂತ ಟ್ಯಾಕಲ್‌ಗೆ ಆಟದಲ್ಲಿ ಯಾರು ಹೇಳ್ತಾರೆ ಹೇಳಿ. ಲೈನ್ ಹುಡುಗರಲ್ಲಿ ನಾನು ನೋಡೋದು ಮೊದಲ 10 ಯಾರ್ಡ್ ಸಮಯ, ಅಷ್ಟೇ.

ರಿಸೀವರ್ ಡಿಕೆ ಮೆಟ್‌ಕಾಫ್ ಕಥೆ ಇದಕ್ಕಿಂತ ಚೆನ್ನಾಗಿದೆ. 2019ರಲ್ಲಿ 228 ಪೌಂಡ್ ಮೈ ಹೊತ್ಕೊಂಡು 4.33 ಓಡ್ದ, ಎಲ್ಲರೂ ಬಾಯಿ ಬಿಟ್ಟು ನೋಡಿದ್ರು, ಆಮೇಲೆ ಮೂರು ಕೋನ್ ಡ್ರಿಲ್‌ನಲ್ಲಿ 7.38 ಬಂತು, ಅಂದ್ರೆ ನಿಧಾನ ಓಟಕ್ಕೆ ಹೆಸರಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತನ್ನ ಕಾಲದಲ್ಲಿ ಮಾಡಿದ್ದಕ್ಕಿಂತ ನಿಧಾನ. ನೇರ ಓಡ್ತಾನೆ, ತಿರುಗಕ್ಕೆ ಬರಲ್ಲ ಅಂತ ತೀರ್ಪಾಯ್ತು, ಎರಡನೇ ಸುತ್ತಿನ ಕೊನೆ, 64ನೇ ಪಿಕ್. ಸಿಯಾಟಲ್‌ನವರು ಏನ್ ಮಾಡಿದ್ರು, ತಿರುಗು ಅಂತ ಜಾಸ್ತಿ ಕೇಳ್ಲೇ ಇಲ್ಲ. ಆಳಕ್ಕೆ ಓಡು, ಇಲ್ಲಾ ಎರಡು ಹೆಜ್ಜೆ ಇಟ್ಟು ಓರೆಯಾಗಿ ಒಳಕ್ಕೆ ಬಾ. ಎರಡನೇ ವರ್ಷಕ್ಕೆ 1,303 ಯಾರ್ಡ್. ನನ್ನ ಮೂರನೇ ಕಾಲಂ ಬರೀ ಕಾಲೇಜಿಗಲ್ಲ, ತಗೊಳ್ಳೋ ಟೀಮ್‌ಗೂ ಸೇರಿದ್ದು ಅಂತ ನಂಗೆ ಹೊಳೆದಿದ್ದು ಇವನಿಂದ, ನಾವು ಇವನಿಗೆ ಏನು ಕೇಳ್ತೀವಿ ಅಂತ ಗೊತ್ತಿಲ್ದೇ ಗ್ರೇಡ್ ಹಾಕೋದು ಅರ್ಧಂಬರ್ಧ ಕೆಲಸ.

ಕಂಬೈನ್‌ಗಿಂತ ಮುಂಚೆ ಅಲಬಾಮಾದ ಮೊಬೀಲ್ ಊರಲ್ಲಿ ಸೀನಿಯರ್ ಬೌಲ್ ನಡೆಯತ್ತೆ, ನಂಗೆ ಕಂಬೈನ್‌ಗಿಂತ ಅದೇ ಇಷ್ಟ. ಮ್ಯಾಚ್ ಅಲ್ಲ, ಆ ವಾರದ ಪ್ರಾಕ್ಟೀಸ್. ಒಬ್ಬರಿಗೆ ಒಬ್ಬರು ನಿಲ್ಲಿಸಿ ಆಡಿಸ್ತಾರೆ, ಸಣ್ಣ ಕಾಲೇಜಿನ ಹುಡುಗನ ಎದುರಿಗೆ ಅಲಬಾಮಾ, ಜಾರ್ಜಿಯಾದವನು ಬಂದು ನಿಲ್ತಾನೆ, "ಕೇಳಿಲ್ಲ" ಕಾಲಂ ಅಲ್ಲಿ ಸ್ವಲ್ಪ ಖಾಲಿ ಆಗತ್ತೆ. ಆದ್ರೆ ಅಲ್ಲೂ ಹುಷಾರಾಗಿ ನೋಡ್ಬೇಕು, ರಿಸೀವರ್‌ಗೂ ಕಾರ್ನರ್‌ಗೂ ಬಿಟ್ರೆ ಇಡೀ ಮೈದಾನ ಖಾಲಿ ಇರೋದ್ರಿಂದ ರಿಸೀವರ್‌ಗೆ ಲಾಭ, ಲೈನ್‌ನವರ ಡ್ರಿಲ್‌ನಲ್ಲಿ ಪಕ್ಕದವನ ಸಹಾಯ ಇಲ್ಲದೇ ಇರೋದ್ರಿಂದ ರಶರ್‌ಗೆ ಲಾಭ. ಅಲ್ಲಿ ಗೆಲ್ಲಬೇಕಾದವನು ಸೋತ್ರೆ ಬರ್ಕೋತೀನಿ, ಸೋಲಬೇಕಾದವನು ಗೆದ್ರೆ ಎರಡು ಸಲ ಬರ್ಕೋತೀನಿ.

ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಮಾತ್ರ ನನ್ನ ಕಾಲಂಗಳು ಪೂರ್ತಿ ಸಾಕಾಗಲ್ಲ ಅಂತ ಒಪ್ಕೋಬೇಕು. ಜಾಶ್ ಆಲನ್ ವಯೋಮಿಂಗ್‌ನಲ್ಲಿ ಎಸೆದ ಚೆಂಡುಗಳಲ್ಲಿ 56.2 ಶೇಕಡಾ ಮಾತ್ರ ಗುರಿ ಮುಟ್ಟಿದ್ವು, ಅವನಿಗೆ ಗುರಿ ಇಟ್ಟು ಎಸೆಯೋ ಕೆಲಸ ಕೇಳಿದ್ರು, ಅವನು ಮಾಡ್ಲಿಲ್ಲ, ಹಾಗಾಗಿ ಎರಡನೇ ಕಾಲಂನಲ್ಲೇ ಬರ್ದೆ. 2018ರಲ್ಲಿ ಬಫಲೋ 7ನೇ ಪಿಕ್ ಕೊಟ್ಟಾಗ ನಂಗೆ ಬೇಜಾರೇ ಆಯ್ತು. ಮೊದಲ ವರ್ಷ 52.8, ನೋಡಿ ಹೇಳಿರ್ಲಿಲ್ವಾ ಅಂದೆ. 2020ಕ್ಕೆ 69.2. ಅವನು ಕಾಲಿಡೋ ರೀತಿ, ಸೊಂಟ ತಿರುಗಿಸೋ ರೀತಿ ಕೂತು ತಿದ್ಕೊಂಡ, ಅಷ್ಟು ದೊಡ್ಡ ತಿದ್ದುಪಡಿ ಆಗತ್ತೆ ಅಂತ ನಾನು ನಂಬಿರ್ಲಿಲ್ಲ. ಈಗ ನಾನು ಬೇರೆ ಮಾಡಿ ನೋಡ್ತೀನಿ, ಚೆಂಡು ತಪ್ಪಿದ್ದು ಕಾಲಿನಿಂದನಾ, ಕಣ್ಣಿನಿಂದನಾ. ಕಾಲು ತಪ್ಪಿದ್ರೆ ತಿದ್ದಬಹುದು. ಯಾರು ಖಾಲಿ ಇದಾರೆ ಅಂತ ಗೊತ್ತಾಗೋದೇ ತಡ ಆದ್ರೆ, ಅದು ಸರಿಹೋಗಿದ್ದನ್ನ ನಾನು ನೋಡಿರೋದು ತೀರಾ ಕಮ್ಮಿ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. 2010ರಲ್ಲಿ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಖಾತ್ರಿ ಹಣವೇ 5 ಕೋಟಿ ಡಾಲರ್, 2011ರಲ್ಲಿ ನಿಯಮ ಬದಲಾದ್ಮೇಲೆ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸೇರಿ 2.2 ಕೋಟಿ. ಅಂದ್ರೆ ತಪ್ಪು ಆಯ್ಕೆಯ ಪೆಟ್ಟು ಕಮ್ಮಿ ಆಯ್ತು, ಒಳ್ಳೆ ಆಯ್ಕೆಯ ಲಾಭ ಜಾಸ್ತಿ ಆಯ್ತು. 2022ರ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೇದು, ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ, ಎರಡನೇ ಸೀಸನ್‌ನಲ್ಲೇ 49ಅರ್ಸ್‌ನ ಸೂಪರ್ ಬೌಲ್‌ಗೆ ಕರ್ಕೊಂಡು ಹೋದಾಗ ಅವನ ಸಂಬಳ ಟೀಮ್‌ಗೆ ಲೆಕ್ಕಕ್ಕೇ ಇರ್ಲಿಲ್ಲ.

ಈಗ ನನ್ನ ಮೇಜಿನ ಮೇಲೆ ಒಬ್ಬ ಟೈಟ್ ಎಂಡ್‌ನ ಪುಟ ತೆರೆದಿದೆ. ಎರಡು ಸೀಸನ್ ಬರೀ ಬ್ಲಾಕ್ ಮಾಡಿಸಿದಾರೆ, ಕ್ಯಾಚ್ ಬೆರಳಲ್ಲಿ ಎಣಿಸಬಹುದು. ಎಲ್ಲರ ಲಿಸ್ಟ್‌ನಲ್ಲೂ ಕೊನೆಯ ಸುತ್ತು, ಇಲ್ಲಾ ಹೆಸರೇ ಇಲ್ಲ. ನಾನು ಕ್ಯಾಚ್ ಬಿಟ್ಟು ಬೇರೆ ಎಣಿಸ್ತಿದೀನಿ, ಅವನು ಓಡಿ ಖಾಲಿ ಜಾಗದಲ್ಲಿ ನಿಂತು, ತಿರುಗಿ ನೋಡಿ, ಚೆಂಡು ಬರದೇ ಇದ್ದ ಸಲಗಳನ್ನ. ಟೀವಿ ಕ್ಯಾಮೆರಾಗೆ ಸಿಕ್ಕಿದ್ದಷ್ಟರಲ್ಲೇ ಆರು ಮ್ಯಾಚ್‌ಗೆ 19 ಆಗಿದೆ. ಮೂರನೇ ಕಾಲಂ ತುಂಬಿ ಪಕ್ಕದ ಮಾರ್ಜಿನ್‌ಗೆ ಹೋಗಿದೆ, ಗ್ರೇಡ್ ಜಾಗ ಇನ್ನೂ ಖಾಲಿ, ಪೆನ್ಸಿಲ್‌ನಲ್ಲೂ ಬರೆದಿಲ್ಲ. ಅವನ ಮೊದಲ ವರ್ಷದ ನಾಲ್ಕು ಮ್ಯಾಚ್ ಉಳಿದಿವೆ, ಆಗ ಕೋಚ್ ಬೇರೆ ಇದ್ರು, ಟೀಮ್ ಸೋಲ್ತಾನೇ ಇತ್ತು, ನೋಡಕ್ಕೆ ಬೇಜಾರಾಗೋ ಮ್ಯಾಚ್‌ಗಳು. ಇವತ್ತು ರಾತ್ರಿ ಅದ್ರಿಂದಲೇ ಶುರು ಮಾಡ್ತೀನಿ.